ಪಟ್ಟಿಯಲ್ಲಿ ಇಲ್ಲದ ಎರಡು ಸಾಮಾನು: ಮೊದಲ ಗೇಮಿಂಗ್ ಪಿಸಿ ಕಟ್ಟುವವರಿಗೆ

(ತುಮಕೂರಿನಲ್ಲಿ ಒಂದು ಭಾನುವಾರ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೆಲವು ಅಪ್ಪ ಅಮ್ಮಂದಿರೂ ಕೂತಿದ್ದೀರಿ. ದುಡ್ಡು ನಿಮ್ಮದು, ಆಸೆ ಮುಂದಿನ ಸಾಲಿನವರದು. ಇಬ್ಬರಿಗೂ ತಲುಪುವ ಹಾಗೆ ಮಾತಾಡಲು ನೋಡುತ್ತೇನೆ.

ಎರಡು ತಿಂಗಳ ಹಿಂದೆ ನನ್ನ ಅಕ್ಕನ ಮಗ ಫೋನಿಗೆ ಒಂದು ಪಟ್ಟಿ ಕಳಿಸಿದ. "ಮಾಮ, ಇದನ್ನ ಒಂದ್ಸಲ ನೋಡಿ. ಶನಿವಾರ ಎಸ್‌ಪಿ ರೋಡಿಗೆ ಹೋಗೋಣ." ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಅದು. ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಇತ್ತು. ಬಣ್ಣದ ದೀಪದ ಫ್ಯಾನ್ ಆರು ಇತ್ತು. ನಾನು ಎರಡೇ ಪ್ರಶ್ನೆ ಕೇಳಿದೆ. ಯಾವ ಮಾನಿಟರಿಗೆ ಹಾಕ್ತೀಯ? ಯಾವ ಪ್ಲಗ್ಗಿಗೆ ಹಾಕ್ತೀಯ? "ಮಾನಿಟರ್ ಹಳೇದೇ ಇದೆಯಲ್ಲ ಮಾಮ" ಅಂದ. ಪ್ಲಗ್ಗಿನ ಪ್ರಶ್ನೆಗೆ ಉತ್ತರವಾಗಿ ನಗುವ ಎಮೋಜಿ ಬಂತು.

ಇವತ್ತಿನ ಮಾತೆಲ್ಲ ಆ ಎರಡು ಪ್ರಶ್ನೆಗಳ ಸುತ್ತವೇ. ಗೇಮಿಂಗ್ ಪಿಸಿ ಅಂದರೆ ಗೋಡೆಯ ಕರೆಂಟನ್ನು ತೆಗೆದುಕೊಂಡು ಪರದೆಯ ಮೇಲೆ ಚಿತ್ರ ಮಾಡುವ ಯಂತ್ರ. ಒಂದು ತುದಿ ಗೋಡೆ, ಇನ್ನೊಂದು ತುದಿ ಪರದೆ. ಅಂಗಡಿಯವರು ಕೊಡುವ ಪಟ್ಟಿಯಲ್ಲಿ ಈ ಎರಡೂ ಇರುವುದಿಲ್ಲ. ಈ ಎರಡು ತುದಿ ಮೊದಲು ಗೊತ್ತು ಮಾಡಿಕೊಂಡರೆ ನಡುವಿನ ಸಾಮಾನು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಪರದೆಯಿಂದ ಶುರು ಮಾಡೋಣ. ಒಂದು ಸಣ್ಣ ಲೆಕ್ಕ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು ಸುಮಾರು 20.7 ಲಕ್ಷ. ಅದು 60 ಹರ್ಟ್ಸ್ ಮಾನಿಟರ್ ಆದರೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅಂದರೆ ಸೆಕೆಂಡಿಗೆ 12 ಕೋಟಿಗೂ ಮಿಕ್ಕಿ ಚುಕ್ಕೆ ಬರೆಯಬೇಕು. ಈಗ 1440ಪಿ (ಅಡ್ಡಕ್ಕೆ 2560, ಉದ್ದಕ್ಕೆ 1440 ಚುಕ್ಕೆ), 144 ಹರ್ಟ್ಸ್ ಪರದೆ ತೆಗೆದುಕೊಳ್ಳಿ. ಒಂದು ಚಿತ್ರಕ್ಕೆ 36.9 ಲಕ್ಷ ಚುಕ್ಕೆ, ಸೆಕೆಂಡಿಗೆ 53 ಕೋಟಿ. ಅದೇ ಗೇಮು, ಅದೇ ಮನುಷ್ಯ, ಕೆಲಸ ಮಾತ್ರ ನಾಲ್ಕು ಪಟ್ಟಿಗಿಂತ ಜಾಸ್ತಿ. ಪರದೆ ಯಾವುದು ಅಂತ ಗೊತ್ತಿಲ್ಲದೆ ಕಾರ್ಡ್ ಆರಿಸುವುದು, ಎಷ್ಟು ಜನ ಊಟಕ್ಕೆ ಬರುತ್ತಾರೆ ಅಂತ ಕೇಳದೆ ಅಕ್ಕಿ ನೆನೆಹಾಕಿದ ಹಾಗೆ.

ಊಟದ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಒಬ್ಬರು ನಿಂತುಕೊಂಡು "ಈ ಸಾಲಿಗೆ ಪಲ್ಯ ತನ್ನಿ, ಆ ಸಾಲಿಗೆ ಅನ್ನ ಬಿಡಿ" ಅಂತ ಹೇಳುತ್ತಿರುತ್ತಾರೆ. ಅವರು ಪ್ರೊಸೆಸರ್. ಬಕೆಟ್ ಹಿಡಿದು ಬಡಿಸುವ ಹುಡುಗರ ದಂಡು ಗ್ರಾಫಿಕ್ಸ್ ಕಾರ್ಡ್. ಎಲೆ ದೊಡ್ಡದಾದರೆ, ಅಂದರೆ ಪರದೆಯ ಚುಕ್ಕೆ ಜಾಸ್ತಿಯಾದರೆ, ಬಡಿಸುವವರಿಗೆ ಕೆಲಸ ಜಾಸ್ತಿ. ಹೇಳುವವರಿಗೆ ಅಷ್ಟೇನೂ ವ್ಯತ್ಯಾಸವಿಲ್ಲ. ಆದರೆ ಪಂಕ್ತಿ ಬೇಗ ಬೇಗ ಎದ್ದು ಹೊಸ ಪಂಕ್ತಿ ಕೂತರೆ, ಅಂದರೆ ಸೆಕೆಂಡಿಗೆ ಬರುವ ಚಿತ್ರ (ಫ್ರೇಮ್) ಜಾಸ್ತಿಯಾದರೆ, ಹೇಳುವವರಿಗೂ ಉಸಿರು ಕಟ್ಟುತ್ತದೆ.

ಹಾಗಾಗಿ ನೀವು ಏನು ಆಡುತ್ತೀರಿ ಅನ್ನುವುದು ಮುಖ್ಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದ ಗುಂಡು ಹಾರಿಸುವ ಸ್ಪರ್ಧೆಯ ಗೇಮ್ ಆಡುವವರಿಗೆ ಫುಲ್ ಎಚ್‌ಡಿ ಪರದೆ ಸಾಕು, ಫ್ರೇಮ್ ಮಾತ್ರ 144, 200 ಹೀಗೆ ಬೇಕು. ಅವರು ಪ್ರೊಸೆಸರಿನಲ್ಲಿ ಜಿಪುಣತನ ಮಾಡಬಾರದು. ಕಥೆ ಇರುವ, ಕಾಡು ಮೇಡು ಸುತ್ತುವ ದೊಡ್ಡ ಗೇಮುಗಳನ್ನು ನಿಧಾನವಾಗಿ, ಚೆಂದವಾಗಿ ನೋಡುತ್ತ ಆಡುವವರು ಪ್ರೊಸೆಸರಿನಲ್ಲಿ ಉಳಿಸಿ ಕಾರ್ಡಿಗೆ ಹಾಕಬೇಕು. ಒಂದು ಪಟ್ಟಿ ಇಬ್ಬರಿಗೂ ಹೊಂದುವುದಿಲ್ಲ. ಯೂಟ್ಯೂಬಿನಲ್ಲಿ ಸಿಗುವುದು ಯಾರದೋ ಪಟ್ಟಿ, ನಿಮ್ಮದಲ್ಲ.

ಅಕ್ಕನ ಮಗನ ಹಳೇ ಮಾನಿಟರ್ 60 ಹರ್ಟ್ಸಿನದು. ಅವನ ಫೋನ್ 120 ಹರ್ಟ್ಸಿನದು! ಬಿಜಿಎಂಐ ಗೇಮ್ ಆಡಿ ರೂಢಿಯಾದ ಕಣ್ಣು ಅದು. ಒಂದು ಫ್ರೇಮ್ 60 ಹರ್ಟ್ಸಿನಲ್ಲಿ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಸಾವಿರಾರು ರೂಪಾಯಿ ಸುರಿದ ಮೇಲೂ ಅವನಿಗೆ ಪಿಸಿ ಫೋನಿಗಿಂತ ಮಂದ ಅನಿಸುತ್ತಿತ್ತು. ದೀಪದ ಫ್ಯಾನ್ ಆರನ್ನೂ ತೆಗೆಸಿ, ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ, ಮಾನಿಟರಿಗೆ ದುಡ್ಡು ಹೊಂದಿಸಿದೆವು. ಎರಡು ದಿನ ಮುಖ ಊದಿಸಿಕೊಂಡಿದ್ದ.

ಇನ್ನೊಂದು ಮಾತು, ಮರೆಯುವ ಮೊದಲೇ ಹೇಳುತ್ತೇನೆ. 144 ಹರ್ಟ್ಸ್ ಮಾನಿಟರ್ ತಂದು ಹಾಕಿದರೂ ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ಓಡಿಸುತ್ತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋಗಿ ನೀವೇ ಬದಲಿಸಬೇಕು. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಬೇಕು, ಮದರ್‌ಬೋರ್ಡಿನ ತೂತಿಗಲ್ಲ. ನಗಬೇಡಿ. ಕಾರ್ಡ್ ತಂದು, ಕೇಬಲ್ ಮಾತ್ರ ಬೋರ್ಡಿಗೇ ಚುಚ್ಚಿ ತಿಂಗಳುಗಟ್ಟಲೆ ಆಡಿದವರನ್ನು ನೋಡಿದ್ದೇನೆ.

ಸರಿ, ಕಾರ್ಡಿಗೆ ಬರೋಣ. ಬೆಲೆ ಹೇಳುವುದಿಲ್ಲ, ನಾನು ಹೇಳಿ ಮುಗಿಸುವಷ್ಟರಲ್ಲಿ ಬದಲಾಗಿರುತ್ತದೆ. ಪಾಲು ಹೇಳುತ್ತೇನೆ. ಮಾನಿಟರ್ ಬಿಟ್ಟು ಉಳಿದ ದುಡ್ಡಿನಲ್ಲಿ ಮೂರನೇ ಒಂದು ಭಾಗದಿಂದ ಐದರಲ್ಲಿ ಎರಡು ಭಾಗದ ತನಕ ಕಾರ್ಡಿಗೆ ಹೋದರೆ ತಪ್ಪಿಲ್ಲ. ಫುಲ್ ಎಚ್‌ಡಿಗೆ ಈಗ ಜನ ನೋಡುವುದು ಎನ್‌ವಿಡಿಯಾದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲಿನ ಆರ್ಕ್ ಬಿ580. ಇಲ್ಲಿ ನೋಡಬೇಕಾದದ್ದು ಕಾರ್ಡಿನದೇ ಮೆಮೊರಿ. 5060ರಲ್ಲಿ 8 ಜಿಬಿ. 9060 ಎಕ್ಸ್‌ಟಿ 8 ಮತ್ತು 16 ಎರಡರಲ್ಲೂ ಬರುತ್ತದೆ, ಹೆಸರು ಮಾತ್ರ ಒಂದೇ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ. ಬಿ580ರಲ್ಲಿ 12 ಜಿಬಿ.

ಮೆಮೊರಿ ತುಂಬಿದರೆ ಏನಾಗುತ್ತದೆ? ಗೇಮ್ ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಜಾಗ ಸಾಲದ ಚಿತ್ರಗಳು ಮದರ್‌ಬೋರ್ಡಿನ ರ್‍ಯಾಮಿಗೆ ಹೋಗಿ ಕೂರುತ್ತವೆ. ಬೇಕಾದಾಗ ಬೋರ್ಡನ್ನೂ ಕಾರ್ಡನ್ನೂ ಜೋಡಿಸುವ ಪಿಸಿಐಇ ದಾರಿಯಲ್ಲಿ ಓಡಿ ಬರಬೇಕು. ಆ ದಾರಿ ಕಾರ್ಡಿನೊಳಗಿನ ದಾರಿಗಿಂತ ತೀರ ಕಿರಿದು. ಆಗ ಗೇಮ್ ತಡವರಿಸುತ್ತದೆ. ಸರಾಸರಿ ಫ್ರೇಮ್ ಚೆನ್ನಾಗೇ ಕಾಣುತ್ತದೆ, ಆದರೆ ಗುರಿ ಇಡುವ ಹೊತ್ತಿಗೆ ಸರಿಯಾಗಿ ಒಂದು ಜಗ್ಗು. ಅದರ ಮೇಲೆ 5060ರಂಥ ಕಾರ್ಡುಗಳು 16ರ ಬದಲು 8 ಲೇನ್ ಮಾತ್ರ ಬಳಸುತ್ತವೆ. ಹಳೇ ಪಿಸಿಐಇ 3 ಬೋರ್ಡಿಗೆ ಹಾಕಿದರೆ ಕಿರಿದಾದ ದಾರಿ ಇನ್ನೂ ಕಿರಿದಾಗುತ್ತದೆ. ಹಳೇ ಬೋರ್ಡ್ ಉಳಿಸಿಕೊಂಡು ಕಾರ್ಡ್ ಮಾತ್ರ ಹೊಸದು ತರುವವರು ಇದನ್ನು ಗಮನಿಸಿ. ಇಂಟೆಲ್ ಕಾರ್ಡ್ ಬೇರೆ ಥರ. ದುಡ್ಡಿಗೆ ಮೆಮೊರಿ ಚೆನ್ನಾಗಿ ಕೊಡುತ್ತದೆ, ಆದರೆ ಹಳೇ ಪ್ರೊಸೆಸರ್ ಜೊತೆ ಸೊರಗುತ್ತದೆ, ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಬೋರ್ಡಿನಲ್ಲಿ ಇರಲೇಬೇಕು. ನನ್ನನ್ನು ಕೇಳಿದರೆ, ಆಗಾಗ ಕಾರ್ಡ್ ಬದಲಿಸದ ಮನೆಯವರು 8 ಜಿಬಿಯ ಮೇಲಿನದಕ್ಕೆ ಹೋಗಿ. ವ್ಯಾಲರಂಟ್ ಬಿಟ್ಟು ಬೇರೆ ಆಡುವುದಿಲ್ಲ ಅನ್ನುವವರಿಗೆ 8 ಧಾರಾಳ.

ಒಬ್ಬ ಹುಡುಗಿ ಕೇಳಿದಳು: "ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೋಬಹುದಾ ಸರ್?" ತಗೋಬಹುದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಅನ್ನುವ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನ ಲೆಕ್ಕದಿಂದ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಸಂತೆಗೆ ಬಂದವು. ಅವೆಲ್ಲ ಕೆಟ್ಟವು ಅಂತ ಅಲ್ಲ. ಆದರೆ ನಿಮ್ಮ ಕಣ್ಣೆದುರು ಅರ್ಧ ಗಂಟೆ ಗೇಮ್ ಓಡಿಸಿ ತೋರಿಸದವರ ಹತ್ತಿರ ತಗೋಬೇಡಿ. ಸೀರಿಯಲ್ ನಂಬರ್ ಇರುವ ಬಿಲ್ ಇದ್ದರೆ ಇನ್ನೂ ಒಳ್ಳೆಯದು.

ಪ್ರೊಸೆಸರ್ ಮತ್ತು ಬೋರ್ಡ್ ಗಂಡ ಹೆಂಡತಿ ಇದ್ದ ಹಾಗೆ, ಜೋಡಿಯಾಗಿಯೇ ನೋಡಬೇಕು. ಮೊದಲ ಪಿಸಿಗೆ 6 ಕೋರ್, ಅಂದರೆ ಒಳಗೆ ಲೆಕ್ಕ ಮಾಡುವ ಆರು ಘಟಕ, ಸಾಕು. ಐ7, ಐ9 ಅನ್ನುವ ಹೆಸರಿಗೆ ಮರುಳಾಗಬೇಡಿ. ಎರಡು ದಾರಿ ಇವೆ. ಒಂದು, ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂಡಿ ರೈಜೆನ್ 5 5600. 2022ರದ್ದು, ಡಿಡಿಆರ್4 ರ್‍ಯಾಮ್, ಅಗ್ಗದ ಬೋರ್ಡ್. ಇನ್ನೊಂದು, ಎಎಂ5 ಸಾಕೆಟ್ಟಿನ ರೈಜೆನ್ 5 7600. ಇದಕ್ಕೆ ಡಿಡಿಆರ್5 ಬಿಟ್ಟು ಬೇರೆ ಹೊಂದುವುದಿಲ್ಲ. ಮೊದಲನೆಯದು ಊರಿನ ಕೊನೇ ಬಸ್ ಸ್ಟಾಪ್, ಮುಂದೆ ದಾರಿ ಇಲ್ಲ. ಎರಡನೆಯದರಲ್ಲಿ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಇದು ಸುಮ್ನೆ ಹೇಳುವ ಮಾತಲ್ಲ. 2017ರಲ್ಲಿ ಎಎಂ4 ಬೋರ್ಡ್ ತಗೊಂಡ ಎಷ್ಟೋ ಜನ 2022ರಲ್ಲಿ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡಿನ ಮೇಲೆ 5800ಎಕ್ಸ್3ಡಿ ಪ್ರೊಸೆಸರ್ ಕೂರಿಸಿದರು. ಇಂಟೆಲಿನಲ್ಲಿ ಐ5 12400ಎಫ್ ಕೂಡ ಒಳ್ಳೆಯದೇ. ಆದರೆ ಕೊನೆಯ 'ಎಫ್' ಅಕ್ಷರ ನೋಡಿ. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. 5600ರಲ್ಲೂ ಇಲ್ಲ. 7600ರಲ್ಲಿ ಚಿಕ್ಕದೊಂದು ಇದೆ. ಗೇಮ್ ಆಡಲು ಆಗಲ್ಲ, ಆದರೆ ಕಾರ್ಡ್ ವಾರಂಟಿಗೆ ಹೋದ ಮೂರು ವಾರ ಪಿಸಿ ಸತ್ತು ಬೀಳದೆ ಕಾಲೇಜಿನ ಪ್ರಾಜೆಕ್ಟ್ ನಡೆಯುತ್ತದೆ. ಹಿಂದಿನ ಸಾಲಿನವರಿಗೆ ಈ ಕಾರಣ ಇಷ್ಟವಾಗಬಹುದು.

ಬೋರ್ಡಿನಲ್ಲಿ ನೋಡಬೇಕಾದದ್ದು ಕಮ್ಮಿ. ಗೇಮುಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಜಾಗ ಇದೆಯಾ, ರ್‍ಯಾಮಿಗೆ ನಾಲ್ಕು ಸ್ಲಾಟ್ ಇದೆಯಾ, ವೈಫೈ ಬೇಕಾ. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೌಲಭ್ಯ ಕೇಳುತ್ತದೆ, ಈಗಿನ ಬೋರ್ಡುಗಳಲ್ಲಿ ಎರಡೂ ಇವೆ, ಬಯೋಸಿನಲ್ಲಿ ಆನ್ ಮಾಡಿಕೊಳ್ಳಿ.

ರ್‍ಯಾಮ್ ವಿಷಯ ಸ್ವಲ್ಪ ಬೇಜಾರಿನದು. ಮೊದಲೆಲ್ಲ "ಇರಲಿ ಬಿಡಿ, 32 ಹಾಕಿಸಿ" ಅಂತಿದ್ದೆ. ಪ್ರಪಂಚದ ಹೆಚ್ಚಿನ ಮೆಮೊರಿ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನುವ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರುಗಳು ಅವರ ಮಾಲನ್ನು ಬಾಚಿಕೊಂಡು ಹೋಗತೊಡಗಿದ ಮೇಲೆ, 2025ರ ಕೊನೆಯಲ್ಲಿ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಡಿಡಿಆರ್4 ಕೂಡ ಸುಮ್ಮನೆ ಕೂತಿಲ್ಲ. ಹಾಗಾಗಿ ಈಗ ನನ್ನ ಮಾತು: 16 ಜಿಬಿಯಲ್ಲಿ ಶುರು ಮಾಡಿ, ಆದರೆ 8ರ ಎರಡು ಕಡ್ಡಿ ತಗೊಳ್ಳಿ. ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರಿಗೆ ಎರಡು ಬಾಗಿಲಲ್ಲಿ ಒಂದು ಮುಚ್ಚಿದ ಹಾಗೆ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ಡಿಡಿಆರ್5 ಡಬ್ಬಿಯ ಮೇಲೆ ವೇಗ 6000 ಅಂತ ಇದ್ದರೂ ಬಯೋಸಿನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಅನ್ನುವ ವೇಗದ ಆಯ್ಕೆಯನ್ನು ಆನ್ ಮಾಡುವ ತನಕ ಅದು 4800ರ ಆಸುಪಾಸಿನಲ್ಲೇ ತೂಕಡಿಸುತ್ತಿರುತ್ತದೆ. ದುಡ್ಡು ಕೊಟ್ಟಿದ್ದೀರಿ, ಎಬ್ಬಿಸಿ.

ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎನ್‌ವಿಎಂಇ ಅನ್ನುವ ವೇಗದ ಥರದ್ದು, 1 ಟಿಬಿ, ಒಳ್ಳೇ ಕಂಪನಿ. ಜೆನ್ 3, ಅಂದರೆ ಮೂರನೇ ತಲೆಮಾರಿನದು, ಸೆಕೆಂಡಿಗೆ 3,500 ಎಂಬಿ, ಜೆನ್ 4 ಸುಮಾರು 7,000 ಅಂತ ಬರೆದಿರುತ್ತಾರೆ. ಗೇಮ್ ತೆರೆದುಕೊಳ್ಳುವ ಹೊತ್ತಿನಲ್ಲಿ ಆ ಎರಡಕ್ಕೂ ನಡುವಿನ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ. 512 ಜಿಬಿ ಬೇಡ, 100 ಜಿಬಿ ದಾಟುವ ಗೇಮುಗಳು ಈಗ ಮಾಮೂಲಿ. ಮೂರು ಗೇಮ್ ಹಾಕಿದರೆ ಮನೆ ತುಂಬಿತು.

ಕ್ಯಾಬಿನೆಟ್ಟಿಗೆ ಮುಂದೆ ಗಾಜು ಬೇಡ, ಜಾಲರಿ ಇರಲಿ. ತುಮಕೂರಿನಲ್ಲಿ ಹೇಗೋ ನಡೆಯುತ್ತದೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಎಂಥ ಫ್ಯಾನೂ ಒಳಗಿನ ಬಿಸಿಯನ್ನು 40ರ ಕೆಳಗೆ ಇಳಿಸಲಾರದು. ಇರುವ ಗಾಳಿಯನ್ನಾದರೂ ಒಳಗೆ ಬಿಡಬೇಕು. ಹಿಂದಿನ ಖಾಲಿ ಸ್ಲಾಟುಗಳ ತಗಡಿನ ಪಟ್ಟಿ ಕಿತ್ತಿದ್ದರೆ ಮತ್ತೆ ಮುಚ್ಚಿ. ಬೆಚ್ಚಗಿನ ಜಾಗ ಅಂತ ಹಲ್ಲಿ ಬಂದು ಸಂಸಾರ ಹೂಡುತ್ತದೆ. ನಮ್ಮ ಮನೆಯಲ್ಲಿ ಹೂಡಿತ್ತು.

ಈಗ ಇನ್ನೊಂದು ತುದಿ, ಗೋಡೆ.

2017ರಲ್ಲಿ ನಾನು ನನ್ನ ಮೊದಲ ಪಿಸಿ ಕಟ್ಟಿದೆ. ಪೆಂಟಿಯಮ್ ಜಿ4560, ಜಿಟಿಎಕ್ಸ್ 1050 ಟಿಐ. ಆಗ ದುಡ್ಡಿಲ್ಲದವರ ಮೆಚ್ಚಿನ ಜೋಡಿ ಅದು. ಎಲ್ಲ ಭಾಗವನ್ನೂ ತಿಂಗಳುಗಟ್ಟಲೆ ಓದಿ ಆರಿಸಿದ್ದೆ, ಎಸ್‌ಎಂಪಿಎಸ್ ಒಂದನ್ನು ಬಿಟ್ಟು. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದಿಸಿ ಕೊಡುವ ಆ ಡಬ್ಬಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂತು. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿತ್ತು. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಮುಂಗಾರಿಗೆ ಮುಂಚಿನ ಒಂದು ಸಂಜೆ, ಗುಡುಗು ಸಿಡಿಲು, ಕರೆಂಟ್ ಹೋಗಿ ಬಂದು ಹೋಗಿ ಬಂತು. ಒಂದು 'ಟಪ್' ಅನ್ನುವ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಸತ್ತಿದ್ದರೆ ಅಳುತ್ತಿರಲಿಲ್ಲ. ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಆಮೇಲೆ ಅದರ ಲೇಬಲ್ ಓದಿದೆ. ಓದಬೇಕಾದದ್ದು 12 ವೋಲ್ಟಿನ ಸಾಲು, ಯಾಕೆಂದರೆ ಪ್ರೊಸೆಸರ್, ಕಾರ್ಡ್ ಎರಡೂ ಹೆಚ್ಚಾಗಿ ಉಣ್ಣುವುದು ಅಲ್ಲಿಂದಲೇ. ಅಲ್ಲಿ 18 ಆಂಪ್ ಅಂತ ಇತ್ತು. 12ಕ್ಕೆ 18ರಿಂದ ಗುಣಿಸಿ. 216 ವ್ಯಾಟ್. ಉಳಿದದ್ದು ಬಣ್ಣದ ಅಕ್ಷರ. ಅಂಗಡಿಯಲ್ಲಿ ಈ ಗುಣಾಕಾರ ಫೋನಿನಲ್ಲೇ ಮಾಡಬಹುದು, ಅರ್ಧ ನಿಮಿಷದ ಕೆಲಸ.

ಎಷ್ಟು ವ್ಯಾಟ್ ಬೇಕು? 5060 ಕಾರ್ಡಿಗೆ 145, 7600 ಪ್ರೊಸೆಸರಿಗೆ ಜೋರಾಗಿ ಓಡುವಾಗ 90ರ ಹತ್ತಿರ, ಉಳಿದದ್ದಕ್ಕೆಲ್ಲ 60 ಇಟ್ಟುಕೊಳ್ಳಿ. 300 ಆಯಿತು. ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಜಾಸ್ತಿ ಎಳೆಯುತ್ತದೆ, ಮುಂದೆ ದೊಡ್ಡ ಕಾರ್ಡ್ ಬರಬಹುದು. ಒಳ್ಳೇ ಕಂಪನಿಯ 550 ಅಥವಾ 650 ಸಾಕು. ಹೆಸರಿಲ್ಲದ 850 ಬೇಡ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಚಿನ್ನದಂಗಡಿಯ ಹಾಗೆ ಬರೆದಿರುತ್ತಾರಲ್ಲ, ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಒಳಗೆ ತಲುಪುತ್ತದೆ ಅನ್ನುವ ಲೆಕ್ಕ ಮಾತ್ರ. ಒಳಗಿನ ರಕ್ಷಣೆ ಹೇಗಿದೆ ಅಂತ ಅದು ಹೇಳುವುದಿಲ್ಲ. ನಾನು ವಾರಂಟಿ ನೋಡುತ್ತೇನೆ. ಐದು ವರ್ಷ, ಏಳು ವರ್ಷ ಕೊಡುವವರಿಗೆ ತಮ್ಮ ಸಾಮಾನಿನ ಮೇಲೆ ನಂಬಿಕೆ ಇರುತ್ತದೆ.

ಇನ್ನು ಅರ್ಥಿಂಗ್. ಕೈ ಎತ್ತಿ: ಮನೆಯಲ್ಲಿ ಕಂಪ್ಯೂಟರ್ ಡಬ್ಬಿ ಮುಟ್ಟಿದಾಗ ಜುಮ್ ಅಂದಿರುವುದು ಯಾರಿಗೆ? (ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು.) ಅದು ಕಂಪ್ಯೂಟರಿನ ದೋಷ ಅಂತ ತಿಳಿದಿದ್ದೀರಿ, ಅಲ್ವಾ? ಎಸ್‌ಎಂಪಿಎಸ್ ಒಳಗೆ ಕರೆಂಟಿನ ಕಸ ಸೋಸಲು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಅರ್ಥಿಗೆ, ಇನ್ನೊಂದು ನ್ಯೂಟ್ರಲಿನಿಂದ ಅರ್ಥಿಗೆ. ಅರ್ಥ್ ತಂತಿ ನಿಜವಾಗಿ ನೆಲಕ್ಕೆ ಇಳಿದಿದ್ದರೆ ಆ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಇಳಿದಿಲ್ಲದಿದ್ದರೆ ಡಬ್ಬಿ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ನೀವು ಮುಟ್ಟಿದಾಗ ನಿಮ್ಮ ಮೂಲಕ ನೆಲಕ್ಕೆ ಇಳಿಯುತ್ತದೆ. ಪ್ರಮಾಣ ತೀರ ಸಣ್ಣದು, ಅದಕ್ಕೇ ಜುಮ್ ಅಂದು ಬಿಡುತ್ತದೆ. ಆದರೆ ಒಳಗೆ ನಿಜವಾದ ಶಾರ್ಟ್ ಆದ ದಿನ ಕಾಪಾಡಲು ಏನೂ ಇಲ್ಲ ಅನ್ನುವುದರ ಮುನ್ಸೂಚನೆ ಅದು. ಪ್ಲಗ್ಗಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಮೂರನೆಯದರ ಹಿಂದೆ ತಂತಿ ಇದೆ ಅಂತ ಅಲ್ಲ.

ಪಿಸಿ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಮೀಟರಿನಲ್ಲಿ ನೋಡಿಸಿ. ಫೇಸಿಗೂ ಅರ್ಥಿಗೂ 230ರ ಆಸುಪಾಸು, ನ್ಯೂಟ್ರಲಿಗೂ ಅರ್ಥಿಗೂ ಹೆಚ್ಚೂ ಕಮ್ಮಿ ಸೊನ್ನೆ, ಒಂದೆರಡು ವೋಲ್ಟ್ ಬರಬೇಕು. ನೀವೇ ಕೈ ಹಾಕಲು ಹೋಗಬೇಡಿ.

ಯುಪಿಎಸ್ ಬಗ್ಗೆ ಒಬ್ಬ ತಂದೆ ಕೇಳಿದರು: "600ರ ಯುಪಿಎಸ್ ಮನೇಲಿದೆ, ಸಾಕಲ್ವಾ?" ಅದು 600 ವಿಎ, ವ್ಯಾಟ್ ಅಲ್ಲ ಸರ್. ಅಂಥ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಪಿಸಿ 300, ಮಾನಿಟರ್ 30, ಎಸ್‌ಎಂಪಿಎಸ್ ಕಳೆಯುವುದು ಒಂದಿಷ್ಟು. ಕರೆಂಟ್ ಹೋದ ಕ್ಷಣವೇ ಕೂಗಿಕೊಂಡು ಮಲಗುತ್ತದೆ. 1000 ವಿಎ ಮೇಲಿನದು ನೋಡಿ. ಅದೂ ಗೇಮ್ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಆರಿಸಲಿಕ್ಕೆ. ಮನೆಯ ಇನ್ವರ್ಟರಿಗೆ ಹಾಕಿದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಇಡಿ. ಕರೆಂಟಿಲ್ಲದೆ ಒಳ್ಳೇ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಇನ್ವರ್ಟರ್ ಎಚ್ಚರಾಗಬೇಕು.

ಎಸ್‌ಪಿ ರೋಡಿಗೆ, ಅಂದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗುವವರಿಗೆ ಒಂದೆರಡು ಮಾತು. ಮೂರು ಅಂಗಡಿ ಸುತ್ತುವ ತನಕ ದುಡ್ಡು ತೆಗೆಯಬೇಡಿ. "ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡ್ತೀನಿ" ಅಂತ ಯಾರಾದರೂ ಅಂದರೆ, 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅಂತ ಖುಷಿಯಾಗುತ್ತದೆ. ಕಾರ್ಡಿನ ಮೂರು ವರ್ಷದ ವಾರಂಟಿಯನ್ನು ಅಲ್ಲೇ ಬಿಟ್ಟು ಬಂದಿರುತ್ತೀರಿ. "ಆ ಬೋರ್ಡ್ ಇಲ್ಲ, ಇದೂ ಅದೇ ಥರ" ಅಂದರೆ ಅಲ್ಲೇ ನಿಂತು ಮಾಡೆಲ್ ನಂಬರ್ ಹುಡುಕಿ ನೋಡಿ. ಡಬ್ಬಿಗಳನ್ನು ಅಟ್ಟದ ಮೇಲೆ ಇಡಿ, ದೀಪಾವಳಿ ಗುಡಿಸುವಾಗ ಎಸೆಯಬೇಡಿ.

ಕೊನೆಗೆ ಒಬ್ಬ ಅಮ್ಮ ಕೇಳಿದರು: "ಇಷ್ಟೆಲ್ಲ ತಲೆನೋವು ಯಾಕೆ? ಲ್ಯಾಪ್‌ಟಾಪೇ ಕೊಡಿಸಿದ್ರೆ ಆಗಲ್ವಾ?" ಹಾಸ್ಟೆಲ್ಲಿಗೆ ಹೋಗುವ ಮಗನಾದರೆ ಖಂಡಿತ ಲ್ಯಾಪ್‌ಟಾಪೇ ಕೊಡಿಸಿ ಅಮ್ಮ. ಮನೆಯಲ್ಲೇ ಇರುವವನಾದರೆ, ನಾಲ್ಕು ವರ್ಷದ ನಂತರ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಹಳತಾದಾಗ ಪೂರ್ತಿ ಲ್ಯಾಪ್‌ಟಾಪೇ ಬದಲಿಸಬೇಕು. ಇಲ್ಲಿ ಒಂದು ಕಾರ್ಡ್.

ಮಾತು ಮುಗಿದು ಟೀ ಕುಡಿಯುವಾಗ ಒಬ್ಬ ಹುಡುಗ ಹತ್ತಿರ ಬಂದ. ಬಾಡಿಗೆ ಮನೆಯಂತೆ, ಪ್ಲಗ್ಗುಗಳಲ್ಲಿ ಅರ್ಥ್ ಇಲ್ಲವಂತೆ, ಅವನಿಗೆ ಮೊದಲೇ ಗೊತ್ತಿತ್ತು. "ಗೇಮಿಂಗ್ ಪಿಸಿ ತರ್ತೀನಿ, ಅರ್ಥಿಂಗ್ ಮಾಡಿಸಿ ಅಂದ್ರೆ ಓನರ್ ಆಂಟಿ ಬೈತಾರೆ ಸರ್. ಏನಂತ ಹೇಳ್ಲಿ?"

ಬಚ್ಚಲಲ್ಲಿ ಗೀಸರ್ ಇದೆಯಾ ಅಂತ ಕೇಳಿದೆ. ಇದೆ ಅಂದ. ಹಾಗಾದರೆ ಗೇಮಿನ ವಿಷಯ ಎತ್ತಲೇಬೇಡ ಮಾರಾಯ, ಗೀಸರಿನ ವಿಷಯ ಹೇಳು ಅಂದೆ.